ಸತ್ತ ದನವನ್ನು ಕೊಯ್ಯಬೇಡಿ, ಕಿವಿ ನೋಡಿ

ರಾತ್ರಿ ಚೆನ್ನಾಗಿ ಮೇವು ತಿಂದ ಎತ್ತು ಬೆಳಗ್ಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿರುತ್ತದೆ. ಹೊಟ್ಟೆ ಉಬ್ಬಿರುತ್ತದೆ. ಮೂಗಿನಿಂದ, ಗುದದಿಂದ ಕಪ್ಪಗಿನ ರಕ್ತ ಸೋರಿರುತ್ತದೆ. ಸೇರಿದ ಜನ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಹಾವು ಮುಟ್ಟಿದೆ ಅನ್ನುತ್ತಾರೆ ಒಬ್ಬರು. ಆಗದವರು ಮಾಟ ಮಾಡಿಸಿದ್ದಾರೆ ಅನ್ನುತ್ತಾರೆ ಇನ್ನೊಬ್ಬರು. ಮಾರಮ್ಮನ ಹರಕೆ ಬಾಕಿ ಇತ್ತಲ್ಲ ಎಂದು ಮನೆಯ ಹಿರಿಯರು ನೆನಪಿಸುತ್ತಾರೆ. ಆಗ ಒಬ್ಬ ಬುದ್ಧಿವಂತ ಮುಂದೆ ಬರುತ್ತಾನೆ: "ಸುಮ್ನೆ ಯಾಕೆ ಊಹೆ? ಹೊಟ್ಟೆ ಕೊಯ್ದು ನೋಡೋಣ, ಗೊತ್ತಾಗುತ್ತೆ."

ಇಷ್ಟೂ ಮಾತುಗಳಲ್ಲಿ ವಿಜ್ಞಾನಕ್ಕೆ ಹತ್ತಿರ ಅನ್ನಿಸುವುದು ಕೊನೆಯದೇ, ಅಲ್ವಾ? ಆದರೆ ಎಲ್ಲಕ್ಕಿಂತ ಅಪಾಯದ್ದೂ ಅದೇ. ಮಾಟದ ಮಾತಿನಿಂದ ನೆರೆಹೊರೆ ಕೆಡುತ್ತದೆ. ಕತ್ತಿ ಹಾಕಿದರೆ ಆ ಜಾಗದ ಮಣ್ಣೇ ಹತ್ತಾರು ವರ್ಷ ಕೆಡಬಹುದು.

ನಾನು ಹೇಳುತ್ತಿರುವುದು ಅಂಥ್ರಾಕ್ಸ್ ಬಗ್ಗೆ. ನಮ್ಮ ಕಡೆ ಇದನ್ನು ನೆರಡಿ ರೋಗ ಎನ್ನುತ್ತಾರೆ. ದಿಢೀರ್ ಸಾವಿಗೆ ಬೇರೆ ಕಾರಣಗಳೂ ಇವೆ. ಗಳಲೆ ರೋಗ, ಚಪ್ಪೆ ರೋಗ, ಸಿಡಿಲು, ಹೊಟ್ಟೆಯುಬ್ಬರ, ಎಳೆ ಜೋಳದ ಪೈರು ತಿಂದು ಆಗುವ ವಿಷ, ಕೆಲವೊಮ್ಮೆ ನಿಜಕ್ಕೂ ಹಾವು. ಹಾಗಾಗಿ ಕಾರಣ ತಿಳಿಯಲೇಬೇಕು. ಆದರೂ ಪಶುವೈದ್ಯರಿಗೆ ಕಾಲೇಜಿನಲ್ಲೇ ಒಂದು ನಿಯಮ ತಲೆಗೆ ಹತ್ತಿಸಿರುತ್ತಾರೆ. ದಿಢೀರ್ ಸಾವು, ಹೆಪ್ಪುಗಟ್ಟದ ರಕ್ತ, ಸರಿಯಾಗಿ ಸೆಟೆದುಕೊಳ್ಳದ ದೇಹ: ಇವು ಕಂಡರೆ ಪೋಸ್ಟ್ ಮಾರ್ಟಂ ಮಾಡಬಾರದು. ರಕ್ತ ಸೋರುವುದು ಎಲ್ಲ ದನದಲ್ಲೂ ಕಾಣುವುದಿಲ್ಲ. ಅದು ಕಾಣಲಿಲ್ಲ ಎಂದು ಧೈರ್ಯ ಮಾಡುವುದೂ ತಪ್ಪು.

ಯಾಕೆ ಕೊಯ್ಯಬಾರದು ಎಂದು ತಿಳಿಯಲು 1876ಕ್ಕೆ ಹೋಗಬೇಕು. ಆಗಿನ ಜರ್ಮನಿಯ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಕಾಖ್ ಸರ್ಕಾರಿ ವೈದ್ಯ. ವಿಶ್ವವಿದ್ಯಾಲಯವಿಲ್ಲ, ದೊಡ್ಡ ಪ್ರಯೋಗಾಲಯವಿಲ್ಲ. ರೋಗಿಗಳನ್ನು ನೋಡಿ ಉಳಿದ ಸಮಯದಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುತ್ತಿದ್ದರು. ನೆರಡಿಯಿಂದ ಸತ್ತ ಪ್ರಾಣಿಗಳ ರಕ್ತದಲ್ಲಿ ಕಡ್ಡಿಯಂಥ ಜೀವಿಗಳಿರುವುದನ್ನು ಅವರಿಗಿಂತ ಮುಂಚೆಯೇ ಹಲವರು ನೋಡಿದ್ದರು. ಆ ಕಡ್ಡಿಗಳೇ ರೋಗಕ್ಕೆ ಕಾರಣವೋ, ರೋಗದ ಜೊತೆ ಬಂದವೋ? ಅದು ಮಾತ್ರ ಯಾರಿಗೂ ಇತ್ಯರ್ಥವಾಗಿರಲಿಲ್ಲ. ಕಾಖ್ ಎತ್ತಿನ ಕಣ್ಣಿನೊಳಗಿನ ತಿಳಿ ನೀರಿನಲ್ಲಿ ಅವುಗಳನ್ನು ಬೆಳೆಸಿದರು. ಗಂಟೆಗಟ್ಟಲೆ ನೋಡುತ್ತಾ ಕೂತರು. ಕಡ್ಡಿಗಳು ಉದ್ದವಾಗಿ ದಾರದಂತಾದವು. ಆ ದಾರದೊಳಗೆ ಮಣಿಗಳ ಹಾಗೆ ಹೊಳೆಯುವ ಚುಕ್ಕೆಗಳು ಮೂಡಿದವು. ಅವೇ ಸ್ಪೋರ್‌ಗಳು. ಒಣಗಿಸಿದರೂ ಸಾಯದ, ಮತ್ತೆ ಅನುಕೂಲವಾದಾಗ ಕಡ್ಡಿಯಾಗಿ ಏಳುವ ರೂಪ. ಈ ಸ್ಪೋರ್ ಆಗುವುದಕ್ಕೆ ಗಾಳಿ ಬೇಕು. ಅದರಲ್ಲಿರುವ ಆಮ್ಲಜನಕ ಬೇಕು.

ಇಡೀ ವಿಷಯದ ಕೀಲಿ ಇಲ್ಲಿದೆ. ಪ್ರಾಣಿ ಸತ್ತ ಮೇಲೆ ಅದರೊಳಗೆ ಆಮ್ಲಜನಕ ಮುಗಿದುಹೋಗುತ್ತದೆ. ಕರುಳಿನಲ್ಲಿದ್ದ ಕೊಳೆಸುವ ಬ್ಯಾಕ್ಟೀರಿಯಾಗಳು ದೇಹವೆಲ್ಲ ಹರಡುತ್ತವೆ. ಸ್ಪೋರ್ ಆಗಲಾರದ ನೆರಡಿ ಕಡ್ಡಿಗಳು ಅವುಗಳ ಮುಂದೆ ನಿಲ್ಲಲಾರವು. ನಮ್ಮ ಹವೆಯಲ್ಲಿ ಮುಚ್ಚಿದ ದೇಹದೊಳಗೆ ಎರಡು ಮೂರು ದಿನದಲ್ಲಿ ಅವು ಹೆಚ್ಚುಕಡಿಮೆ ಸತ್ತೇ ಹೋಗುತ್ತವೆ. ಅಂದರೆ ಕೊಯ್ಯದ ದೇಹ ತನ್ನೊಳಗಿನ ರೋಗವನ್ನು ತಾನೇ ಕೊಲ್ಲುತ್ತಿರುತ್ತದೆ. ಕೊಯ್ದ ಕೂಡಲೇ ಗಾಳಿ ನುಗ್ಗುತ್ತದೆ, ರಕ್ತ ಮಣ್ಣಿಗೆ ಹರಿಯುತ್ತದೆ, ಸಾಯಬೇಕಿದ್ದ ಕೋಟ್ಯಂತರ ಕಡ್ಡಿಗಳು ಸ್ಪೋರ್ ಆಗುತ್ತವೆ. ಮುಂದೆ ಅಲ್ಲಿ ಹುಲ್ಲು ಮೇಯುವ ಕುರಿಗೆ, ದನಕ್ಕೆ ಕಾಯುತ್ತಾ ಬಿದ್ದಿರುತ್ತವೆ.

ಎಷ್ಟು ಕಾಲ ಕಾಯುತ್ತವೆ? ಸೈಬೀರಿಯಾದ ಯಮಾಲ್‌ನಲ್ಲಿ 1941ರ ನಂತರ ನೆರಡಿ ಕಂಡಿರಲಿಲ್ಲ. ಇನ್ನು ಭಯವಿಲ್ಲ ಎಂದು 2007ರಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನೂ ನಿಲ್ಲಿಸಿದ್ದರು. 2016ರ ಬೇಸಿಗೆಯಲ್ಲಿ ವಿಪರೀತ ಸೆಖೆಗೆ ಅಲ್ಲಿನ ಹೆಪ್ಪುಗಟ್ಟಿದ ನೆಲ ಹೆಚ್ಚು ಆಳದವರೆಗೆ ಕರಗಿತು. ನೆರಡಿ ಮತ್ತೆ ಕಾಣಿಸಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. 12 ವರ್ಷದ ಒಬ್ಬ ಹುಡುಗನೂ ತೀರಿಕೊಂಡ.

ಫ್ರಾನ್ಸಿನ ಬೋಸ್ ಪ್ರಾಂತ್ಯದ ಕುರುಬರು ಕೆಲವು ಹೊಲಗಳಿಗೆ ಶಾಪ ತಗುಲಿದೆ ಎಂದು ನಂಬಿದ್ದರು. ಅಲ್ಲಿ ಮೇಯಲು ಬಿಟ್ಟ ಕುರಿ ಸಾಯುತ್ತಿತ್ತು. ಅವರು ನೋಡಿದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಅಂಥ ಹೊಲಗಳಲ್ಲಿ ಹಿಂದೆ ನೆರಡಿಯಿಂದ ಸತ್ತ ಕುರಿಗಳನ್ನು ಹೂತಿದ್ದರು ಎಂಬುದನ್ನು ಲೂಯಿ ಪಾಶ್ಚರ್ ಹುಡುಕಿ ತೋರಿಸಿದರು. ನಮ್ಮ ಊರುಗಳಲ್ಲೂ "ಆ ಬಯಲಿಗೆ ದನ ಬಿಡಬೇಡಿ" ಎಂಬ ಮಾತು ಇದ್ದರೆ ನಗಬೇಡಿ. ಅದನ್ನು ಪಶುವೈದ್ಯರಿಗೆ ತಿಳಿಸಿ.

ಸರಿ, ಕೊಯ್ಯದೆ ಕಾರಣ ತಿಳಿಯುವುದು ಹೇಗೆ?

ಕಿವಿಯಿಂದ. ನೆರಡಿಯಲ್ಲಿ ಪ್ರಾಣಿ ಸಾಯುವ ಹೊತ್ತಿಗೆ ಒಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ತುಂಬಿರುತ್ತದೆ. ಅವನ್ನು ಹುಡುಕಲು ಗುಲ್ಮದವರೆಗೆ ಕತ್ತಿ ಇಳಿಸಬೇಕಿಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡ ವೈದ್ಯರು ಕಿವಿಯ ರಕ್ತನಾಳಕ್ಕೆ ಸಣ್ಣಗೆ ಗೀರುತ್ತಾರೆ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರುತ್ತಾರೆ. ಗೀರಿದ ಜಾಗವನ್ನೂ, ಮೂಗು, ಬಾಯಿ, ಗುದವನ್ನೂ ಸೋಂಕುನಾಶಕದಲ್ಲಿ ಅದ್ದಿದ ಹತ್ತಿಯಿಂದ ಮುಚ್ಚುತ್ತಾರೆ. ದೇಹದಿಂದ ಹೊರಬಂದ ರಕ್ತಕ್ಕೂ ಗಾಳಿ ತಾಗುತ್ತದಲ್ಲ, ಅದಕ್ಕೆ ಈ ಎಚ್ಚರ. ಸ್ಲೈಡ್ ಒಣಗಿದ ಮೇಲೆ ಆಲ್ಕೋಹಾಲಿನಲ್ಲಿ ಅದ್ದುತ್ತಾರೆ. ಬರೀ ಬೆಂಕಿಗೆ ಹಿಡಿದರೆ ಸಾಲದು. ಬ್ಯಾಕ್ಟೀರಿಯಾ ಪೂರ್ತಿ ಸಾಯದೆ ಉಳಿದುಬಿಡಬಹುದು.

ಆಮೇಲೆ ಬಣ್ಣ. ನನಗೆ ತುಂಬಾ ಇಷ್ಟವಾದ ಭಾಗ ಇದು. 1903ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಜಾನ್ ಮ್ಯಾಕ್‌ಫೇಡಿಯನ್ ಒಂದು ವಿಚಿತ್ರ ಗಮನಿಸಿದರು. ನೆರಡಿಯ ರಕ್ತದ ಮೇಲೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೆ ಕಡ್ಡಿಗಳು ಕಡುನೀಲಿಯಾಗುತ್ತವೆ, ಆದರೆ ಅವುಗಳ ಸುತ್ತ ಗುಲಾಬಿ ಬಣ್ಣ ಕಾಣುತ್ತದೆ! ಹಾಕಿದ್ದು ನೀಲಿ, ಕಂಡಿದ್ದು ಗುಲಾಬಿ. ಸಾವಿರ ಪಟ್ಟು ದೊಡ್ಡದು ಮಾಡುವ ಮಸೂರದಡಿ ನೋಡಿದರೆ ಎರಡೋ ಮೂರೋ ಕಡ್ಡಿಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ತುದಿಗಳು ದುಂಡಗಿರದೆ ಚೌಕಾಗಿ ಕತ್ತರಿಸಿದಂತಿರುತ್ತವೆ. ಸುತ್ತಲೂ ನೇರಳೆ ಗುಲಾಬಿಯ ಮಬ್ಬು. ಒಂದು ಸಲ ಸರಿಯಾಗಿ ನೋಡಿದವರು ಮರೆಯಲಾರರು.

ಈ ಗುಲಾಬಿ ಎಲ್ಲಿಂದ ಬಂತು? ಮೆಥಿಲೀನ್ ಬ್ಲೂ ಹೊಸದಾಗಿದ್ದರೆ ಇದು ಸರಿಯಾಗಿ ಬರುವುದಿಲ್ಲ. ಬಾಟಲಿಗೆ ಗಾಳಿಯಾಡಲು ಬಿಟ್ಟು, ಆಗಾಗ ಅಲ್ಲಾಡಿಸುತ್ತಾ ತಿಂಗಳುಗಟ್ಟಲೆ ಹಳೆಯದು ಮಾಡಬೇಕು. ಗಾಳಿಯ ಆಮ್ಲಜನಕದಿಂದ ಅದರ ಸ್ವಲ್ಪ ಭಾಗ ಅಝೂರ್ ಬಿ ಎಂಬ ಬೇರೆ ಬಣ್ಣವಾಗಿ ಬದಲಾಗುತ್ತದೆ. ಗುಲಾಬಿ ಕೊಡುವುದು ಅದೇ. ಶುದ್ಧ ಅಝೂರ್ ಬಿ ಬಳಸಿದರೆ ತಿಂಗಳುಗಟ್ಟಲೆ ಕಾಯದೆ ಅದೇ ಫಲ ಸಿಗುತ್ತದೆ ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ.

ಬಣ್ಣ ಹಿಡಿದಿದ್ದು ಬ್ಯಾಕ್ಟೀರಿಯಾದ ಹೊರಕವಚ. ಅದು ಗ್ಲುಟಾಮಿಕ್ ಆಮ್ಲದ ಉದ್ದನೆಯ ಸರಪಳಿ. ಪ್ರಾಣಿಗಳ ಪ್ರೋಟೀನುಗಳು 'ಎಲ್' ರೂಪದ ಅಮೈನೋ ಆಮ್ಲಗಳಿಂದ ಆಗಿರುತ್ತವೆ. ಈ ಕವಚದಲ್ಲಿರುವುದು ಅದರ ಕನ್ನಡಿ ಬಿಂಬದಂಥ 'ಡಿ' ರೂಪ. ದೇಹದ ಕಿಣ್ವಗಳಿಗೆ ಅದನ್ನು ಕತ್ತರಿಸುವುದು ಕಷ್ಟ. ಬಿಳಿ ರಕ್ತಕಣಗಳು ಹಿಡಿದು ನುಂಗಲು ಹೋದರೆ, ಮೈಗೆಲ್ಲ ಎಣ್ಣೆ ಸವರಿಕೊಂಡ ಕಳ್ಳನ ಹಾಗೆ ಜಾರಿಕೊಳ್ಳುತ್ತದೆ.

ಇನ್ನೂ ಒಂದು ಸಂಗತಿ ಇದೆ. ಈ ಕವಚವನ್ನು ಬ್ಯಾಕ್ಟೀರಿಯಾ ಎಲ್ಲೆಂದರಲ್ಲಿ ಹಾಕಿಕೊಳ್ಳುವುದಿಲ್ಲ. ದೇಹದೊಳಗಿನ ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಅದಕ್ಕೆ ಸೂಚನೆ. ಪ್ರಯೋಗಾಲಯದ ತಟ್ಟೆಯಲ್ಲಿ ಬರೀ ಗಾಳಿಯಲ್ಲಿ ಬೆಳೆಸಿದರೆ ಕವಚ ಬರುವುದಿಲ್ಲ. ಮಣ್ಣಿನಲ್ಲಿ, ಕೊಳೆಯುವ ಹೆಣದಲ್ಲಿ ನೆರಡಿಯಂತೆಯೇ ಕಾಣುವ ಕಡ್ಡಿ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಅವುಗಳ ಸುತ್ತ ಈ ಗುಲಾಬಿ ಇರುವುದಿಲ್ಲ. ಹಾಗಾಗಿ ಗುಲಾಬಿ ಕಂಡರೆ ಈ ಬ್ಯಾಕ್ಟೀರಿಯಾ ಜೀವಂತ ಪ್ರಾಣಿಯ ರಕ್ತದಲ್ಲೇ ಬೆಳೆದಿತ್ತು ಎಂದು ಗೊತ್ತಾಗುತ್ತದೆ. ಒಂದು ಶತಮಾನ ದಾಟಿದರೂ ಈ ಪರೀಕ್ಷೆ ಮೂಲೆಗೆ ಸೇರದಿರುವುದು ಇದಕ್ಕೇ.

ಆದರೆ ಇದಕ್ಕೂ ಮಿತಿ ಇದೆ. ದನಕ್ಕೆ ಜ್ವರ ಬಂತೆಂದು ಪೆನಿಸಿಲಿನ್ ಚುಚ್ಚಿಸಿದ್ದರೆ, ಸತ್ತ ಮೇಲೆ ರಕ್ತದಲ್ಲಿ ಕಡ್ಡಿಗಳೇ ಕಾಣದಿರಬಹುದು. ರೋಗ ಇದ್ದೂ ಸ್ಲೈಡ್ ಖಾಲಿ! ಇಂಜೆಕ್ಷನ್ ಕೊಡಿಸಿದ್ದನ್ನು ವೈದ್ಯರಿಗೆ ಮುಚ್ಚಿಡಬಾರದು ಎನ್ನುವುದು ಇದಕ್ಕೆ. ದೇಹ ಕೊಳೆತರೂ ಸ್ಲೈಡ್ ನಂಬಲಾಗದು. ಆಗ ಬೇರೆ ದಾರಿ ಹಿಡಿಯಬೇಕು. 1911ರಲ್ಲಿ ಇಟಲಿಯ ಅಲ್ಬರ್ಟೊ ಅಸ್ಕೋಲಿ ಒಂದು ಉಪಾಯ ಕಂಡುಹಿಡಿದರು. ಬ್ಯಾಕ್ಟೀರಿಯಾ ಸತ್ತರೂ ಕುದಿಸಿದರೂ ನಾಶವಾಗದ ಅದರ ಅಂಶಗಳನ್ನು ಸೀರಂನಿಂದ (ರಕ್ತದ ತಿಳಿ ದ್ರವದಿಂದ) ಪತ್ತೆ ಮಾಡುವ ವಿಧಾನ ಅದು. ಒಣಗಿದ ಚರ್ಮದಲ್ಲೂ ನೆರಡಿಯ ಗುರುತು ಸಿಗುತ್ತಿತ್ತು. ಚರ್ಮದ ವ್ಯಾಪಾರಕ್ಕೆ ಅದು ದೊಡ್ಡ ರಕ್ಷಣೆಯಾಯಿತು. ಈಗ ಪಿಸಿಆರ್ ಇದೆ. ವಿಷ ತಯಾರಿಸುವ ಜೀನು, ಕವಚ ತಯಾರಿಸುವ ಜೀನು, ಎರಡನ್ನೂ ಹುಡುಕುತ್ತಾರೆ. ಒಂದನ್ನೇ ನೋಡಿ ತೀರ್ಮಾನಿಸಿದರೆ ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾಗಳು ದಾರಿ ತಪ್ಪಿಸಬಹುದು.

ಕಾಡಿನಲ್ಲಿ ಕೆಲಸ ಇನ್ನೂ ಕಷ್ಟ. ಆನೆ ಸತ್ತ ಸುದ್ದಿ ಸಿಗುವ ಹೊತ್ತಿಗೆ ಕಾಡುಹಂದಿ, ನರಿಗಳು ದೇಹವನ್ನು ಹರಿದು ಹಾಕಿರಬಹುದು. ಐವರಿ ಕೋಸ್ಟ್‌ನ 'ತಾಯಿ' ಎಂಬ ಹೆಸರಿನ ಕಾಡಿನಲ್ಲಿ 2001ರಿಂದ ಚಿಂಪಾಂಜಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಪರೀಕ್ಷೆ ಮಾಡಿದಾಗ ನೆರಡಿ ಎಂದು ತಿಳಿಯಿತು. ಕೊಂದದ್ದು ಮಾತ್ರ ನೆರಡಿಯ ವಿಷ ಮತ್ತು ಕವಚ ಎರಡನ್ನೂ ಹೊತ್ತ ಒಂದು ಸೋದರ ಬ್ಯಾಕ್ಟೀರಿಯಾ. ಅಲ್ಲಿನ ಸಂಶೋಧಕರು ಕಾಡಿನಲ್ಲಿ ಬಿದ್ದ ಮೂಳೆಗಳನ್ನು ಆಯ್ದರು. ಹೆಣದ ಮೇಲೆ ಕೂರುವ ನೊಣಗಳನ್ನು ಹಿಡಿದು ಅವುಗಳನ್ನೂ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ, ಪರೀಕ್ಷಿಸಿದ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಈ ರೋಗದಿಂದಲೇ ಆಗಿದ್ದವು. ದನವೂ ಇಲ್ಲ, ಹುಲ್ಲುಗಾವಲೂ ಇಲ್ಲದ ಮಳೆಕಾಡಿನಲ್ಲಿ!

ನಮ್ಮ ಪಶ್ಚಿಮ ಘಟ್ಟವೂ ಇದರಿಂದ ಹೊರಗಿಲ್ಲ. 2022ರಲ್ಲಿ ಕೇರಳದ ಅತಿರಪ್ಪಿಳ್ಳಿ ಕಾಡಿನಲ್ಲಿ ಕಾಡುಹಂದಿಗಳು ಸತ್ತಾಗ ನೆರಡಿ ಖಚಿತವಾಗಿತ್ತು. ಕಾಡಂಚಿನಲ್ಲಿ ಮೇಯುವ ದನಗಳೂ ಕಾಡುಪ್ರಾಣಿಗಳೂ ಒಂದೇ ಹುಲ್ಲು, ಒಂದೇ ನೀರು ಹಂಚಿಕೊಳ್ಳುತ್ತವೆ. ಆನೆಗೆ, ಕಾಟಿಗೆ ಲಸಿಕೆ ಹಾಕುತ್ತಾ ಹೋಗಲಾಗದು. ಊರಿನ ದನಕ್ಕೆ ಹಾಕಬಹುದು.

ಆ ಲಸಿಕೆ ಬಂದದ್ದೂ ಇದೇ ಕವಚದ ದಾರಿಯಿಂದ. 1937ರಲ್ಲಿ ದಕ್ಷಿಣ ಆಫ್ರಿಕಾದ ಮ್ಯಾಕ್ಸ್ ಸ್ಟರ್ನ್, ಕವಚ ಕಳೆದುಕೊಂಡ ಒಂದು ನೆರಡಿ ತಳಿಯನ್ನು ಬೇರ್ಪಡಿಸಿದರು. ಅದು ವಿಷ ತಯಾರಿಸುತ್ತದೆ, ಕವಚ ಮಾತ್ರ ಇಲ್ಲ. ಬಿಳಿ ರಕ್ತಕಣಗಳು ಸುಲಭವಾಗಿ ಹಿಡಿದು ಮುಗಿಸುತ್ತವೆ. ಅಷ್ಟರಲ್ಲಿ ದೇಹ ಆ ವಿಷವನ್ನು ಎದುರಿಸುವುದನ್ನು ಕಲಿತಿರುತ್ತದೆ. ಅದೇ ಬಗೆಯ ಲಸಿಕೆ ಇಂದಿಗೂ ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೂ ನೆರಡಿ ಲಸಿಕೆ ತಯಾರಾಗುತ್ತದೆ.

ಹಿಂದೆ ರೋಗ ಕಂಡ ಊರಿನಲ್ಲಿ ಇದನ್ನು ವರ್ಷಕ್ಕೊಮ್ಮೆ, ರೋಗದ ಕಾಲಕ್ಕೆ ಒಂದು ತಿಂಗಳಾದರೂ ಮುಂಚೆ ಹಾಕಿಸಬೇಕು. ಲಸಿಕೆಯಲ್ಲಿರುವುದು ಜೀವಂತ ಸ್ಪೋರ್. ಅದೇ ದಿನಗಳಲ್ಲಿ ದನಕ್ಕೆ ಪೆನಿಸಿಲಿನ್‌ನಂಥ ಔಷಧ ಕೊಟ್ಟರೆ ಅದೂ ಸಾಯುತ್ತದೆ, ಹಾಕಿಸಿದ್ದು ದಂಡವಾಗುತ್ತದೆ. ಲಸಿಕೆಯ ಹಿಂದೆ ಮುಂದೆ ಯಾವುದಾದರೂ ಇಂಜೆಕ್ಷನ್ ಆಗಿದ್ದರೆ ಲಸಿಕೆ ಹಾಕಲು ಬಂದವರಿಗೆ ಮೊದಲೇ ಹೇಳಿ.