ಬ್ಲ್ಯಾಕ್ ಬಾಕ್ಸ್ ಸಿಕ್ಕಿದ ಮೇಲೆ ಕೇಳಬೇಕಾದ ಪ್ರಶ್ನೆಗಳು: ವಿಮಾನ ಅಪಘಾತ ತನಿಖೆ ಕುರಿತ ಟಿಪ್ಪಣಿ

ಮಡಿಕೇರಿಯಲ್ಲಿ ನಾವು ಕೆಲವರು ಸೇರಿ ಕೆಎಎಸ್‌ಗೆ ಓದುತ್ತಿದ್ದೇವೆ. 'ಆಡಳಿತದಲ್ಲಿ ಉತ್ತರದಾಯಿತ್ವ' ಎಂದ ಕೂಡಲೇ ಎಲ್ಲರೂ ಲೋಕಾಯುಕ್ತ, ಮಾಹಿತಿ ಹಕ್ಕು ಎಂದು ಬರೆಯುತ್ತಾರೆ. ವಿಮಾನ ಅಪಘಾತದ ತನಿಖೆ ಅದಕ್ಕಿಂತ ಒಳ್ಳೆಯ ಉದಾಹರಣೆ ಎಂದು ನನಗೆ ಅನಿಸಿತು. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ ನಿಜ. ಆದರೆ ನಮ್ಮವರು ಸಂಪಾಜೆ ಘಾಟಿ ಇಳಿದು ಮಂಗಳೂರಿನಲ್ಲಿ, ಇಲ್ಲವೇ ಮಾಕುಟ್ಟ ದಾಟಿ ಕಣ್ಣೂರಿನಲ್ಲಿ ವಿಮಾನ ಹತ್ತುತ್ತಾರೆ. ಸೇನೆಯಲ್ಲಿ ಒಬ್ಬರಾದರೂ ಇರುವ ಮನೆಗಳು ಇಲ್ಲಿ ಎಷ್ಟೋ ಇವೆ. ಹಾಗಾಗಿ ಇದು ದೂರದ ವಿಷಯ ಅಲ್ಲ.

ಮೊದಲು ಪೆಟ್ಟಿಗೆ

ಬ್ಲ್ಯಾಕ್ ಬಾಕ್ಸ್ ಕಪ್ಪಗಿರುವುದಿಲ್ಲ. ಅವಶೇಷದ ನಡುವೆ ಬೇಗ ಕಣ್ಣಿಗೆ ಬೀಳಲಿ ಎಂದು ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಎರಡು ಯಂತ್ರ ಇರುತ್ತವೆ. ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಪೈಲಟ್‌ಗಳ ಮಾತು ಮತ್ತು ಸುತ್ತಲಿನ ಸದ್ದನ್ನು ಹಿಡಿದಿಡುತ್ತದೆ. ಫ್ಲೈಟ್ ಡೇಟಾ ರೆಕಾರ್ಡರ್ ವೇಗ, ಎತ್ತರ, ಎಂಜಿನ್ ಸ್ಥಿತಿಯಂಥ ಲೆಕ್ಕಗಳನ್ನು ಬರೆದಿಡುತ್ತದೆ. ಬೋಯಿಂಗ್ 787ರಲ್ಲಿ ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುತ್ತದೆ. ಮುಂದೊಂದು, ಹಿಂದೊಂದು ಹೀಗೆ ಅಂಥ ಎರಡು ಪೆಟ್ಟಿಗೆ ಇರುತ್ತವೆ. 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ಗಂಟೆ ಉಳಿಯುವಂತೆ, 6,000 ಮೀಟರ್ ಆಳದ ನೀರನ್ನೂ ತಾಳುವಂತೆ ಇವನ್ನು ಮಾಡಿರುತ್ತಾರೆ.

ನೀರಿಗೆ ಬಿದ್ದರೆ ಪೆಟ್ಟಿಗೆಗೆ ಅಂಟಿಸಿದ ಪಿಂಗರ್ ಎಂಬ ಚಿಕ್ಕ ಯಂತ್ರ, ಹುಡುಕುವವರಿಗೆ ಜಾಗ ತಿಳಿಯಲಿ ಎಂದು, ಸದ್ದು ಮಾಡಲು ಶುರು ಮಾಡುತ್ತದೆ. ಹಿಂದೆ ಅದರ ಬ್ಯಾಟರಿ 30 ದಿನ ಬಂದರೆ ಸಾಕಿತ್ತು. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಮುದ್ರಕ್ಕೆ ಬಿದ್ದು 228 ಜನ ಸತ್ತರು. ಪಿಂಗರ್ ಸದ್ದು ಯಾರಿಗೂ ಸಿಗಲಿಲ್ಲ. ಸುಮಾರು 3,900 ಮೀಟರ್ ಆಳದಿಂದ ಪೆಟ್ಟಿಗೆಗಳು ಮೇಲೆ ಬಂದದ್ದು 2011ರ ಮೇ ತಿಂಗಳಲ್ಲಿ. ಹುಡುಕಾಟ ಅರ್ಧಕ್ಕೆ ನಿಂತಿದ್ದರೆ ಕಾರಣ ಇವತ್ತಿಗೂ ಊಹೆಯಾಗಿಯೇ ಉಳಿಯುತ್ತಿತ್ತು. ಆಮೇಲೆ 30 ದಿನವನ್ನು 90 ದಿನಕ್ಕೆ ಏರಿಸಿದರು.

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. 2014ರ ಮಾರ್ಚ್ 8ರಂದು 239 ಜನರ ಸಮೇತ ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನದಲ್ಲಿ ಡೇಟಾ ರೆಕಾರ್ಡರ್‌ನ ಪಿಂಗರ್ ಬ್ಯಾಟರಿಯ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಅದನ್ನು ಬದಲಿಸಿದ ದಾಖಲೆ ಇರಲಿಲ್ಲ. ಇದು ಹೊರಗೆ ಬಂದದ್ದು ತನಿಖಾ ತಂಡ ತನ್ನ ವರದಿಯಲ್ಲಿ ಬರೆದು ಪ್ರಕಟಿಸಿದ್ದರಿಂದ. ಪೆಟ್ಟಿಗೆ ಸಿಗದಿದ್ದರೂ ನಿರ್ವಹಣೆಯ ಲೆಕ್ಕ ಕೇಳಬಹುದು. ಉತ್ತರದಾಯಿತ್ವಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಸಿಕ್ಕಿಲ್ಲ.

ನಿಯಮ ಏನು ಹೇಳುತ್ತದೆ

ನಾಗರಿಕ ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಷಿಕಾಗೊ ಒಪ್ಪಂದಕ್ಕೆ ಸೇರಿದ 13ನೇ ಅನುಬಂಧವೇ ಇಲ್ಲಿ ಮೂಲ. ಅದರ ಪ್ರಕಾರ ತನಿಖೆಯ ಗುರಿ ಒಂದೇ: ಮತ್ತೆ ಇಂಥ ಅಪಘಾತ ಆಗದಂತೆ ನೋಡಿಕೊಳ್ಳುವುದು. ತಪ್ಪು ಯಾರದು, ಪರಿಹಾರ ಯಾರು ಕೊಡಬೇಕು ಎಂದು ತೀರ್ಮಾನಿಸುವುದು ಅದರ ಕೆಲಸ ಅಲ್ಲ. ಅದಕ್ಕೆ ಪೊಲೀಸರು, ನ್ಯಾಯಾಲಯಗಳು ಬೇರೆ ಇವೆ. ಅಪಘಾತ ಎಲ್ಲಿ ಆಯಿತೋ ಆ ದೇಶವೇ ತನಿಖೆ ನಡೆಸಬೇಕು. 30 ದಿನದೊಳಗೆ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಅಷ್ಟರೊಳಗೆ ಆಗದಿದ್ದರೆ ಪ್ರತಿ ವರ್ಷ ಅಪಘಾತದ ದಿನ ಬಂದಾಗ ತನಿಖೆ ಎಲ್ಲಿಗೆ ಬಂತು ಎಂದು ಹೇಳಿಕೆ ಕೊಡಬೇಕು.

ಕಾಕ್‌ಪಿಟ್ ಧ್ವನಿಗೆ ಇದೇ ಅನುಬಂಧ ರಕ್ಷಣೆ ಕೊಡುತ್ತದೆ. ಸಾಯುವ ಹೊತ್ತಿನ ಮಾತು ಟಿವಿಯಲ್ಲಿ ಕೇಳಿಬರಬಾರದು, ಅಲ್ವಾ? ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅರ್ಧ ಮಾತ್ರ ಹೇಳಿದರೂ ತೊಂದರೆ ಇದೆ.

2025ರ ಜೂನ್ 12ರ ಅಹಮದಾಬಾದ್ ದುರಂತವನ್ನೇ ನೋಡಿ. ಬಿದ್ದದ್ದು ಏರ್ ಇಂಡಿಯಾದ ಬೋಯಿಂಗ್ 787. ಒಟ್ಟು 260 ಜನ ಸತ್ತರು. ಒಂದು ರೆಕಾರ್ಡರ್ ಜೂನ್ 13ರಂದು ಕಟ್ಟಡದ ಮಾಳಿಗೆ ಮೇಲೆ ಸಿಕ್ಕಿತು, ಇನ್ನೊಂದು 16ರಂದು ಅವಶೇಷದೊಳಗೆ. ದೆಹಲಿಯ ಪ್ರಯೋಗಾಲಯಕ್ಕೆ ಹೋದದ್ದು 24ರಂದು. ಹಿಂದಿನ ಪೆಟ್ಟಿಗೆ ತುಂಬಾ ಹಾಳಾಗಿತ್ತು, ಮುಂದಿನದ್ದರಿಂದ ಮಾಹಿತಿ ತೆಗೆದರು. ಈ ದಿನಾಂಕಗಳು ಯಾಕೆ ಬೇಕು ಅಂದರೆ, ಪೆಟ್ಟಿಗೆ ಯಾವ ದಿನ ಯಾರ ಕೈಯಲ್ಲಿತ್ತು ಎಂಬ ಸರಪಳಿ ಎಲ್ಲಾದರೂ ತುಂಡಾದರೆ ಅನುಮಾನ ಹುಟ್ಟುತ್ತದೆ. ಪ್ರಾಥಮಿಕ ವರದಿ ತಿಂಗಳೊಳಗೆ ಬಂತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡ್ ಅಂತರದಲ್ಲಿ 'ಕಟ್ಆಫ್'ಗೆ, ಅಂದರೆ ಇಂಧನ ನಿಲ್ಲಿಸುವ ಸ್ಥಾನಕ್ಕೆ, ಹೋದವು ಎಂದಿತು. ಯಾಕೆ ಆಫ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು ಎಂದೂ ಇತ್ತು. ಕೇಳಿದ್ದು ಯಾರು, ಉತ್ತರ ಕೊಟ್ಟದ್ದು ಯಾರು ಎಂದು ಮಾತ್ರ ಇರಲಿಲ್ಲ. ಆ ಖಾಲಿ ಜಾಗವನ್ನು ಊಹೆಗಳು ತುಂಬಿದವು. ತೀರಿಹೋದ ಪೈಲಟ್‌ಗಳ ಮನೆಯವರು ಅದನ್ನೆಲ್ಲ ಕೇಳಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಇಂಥ ಮಾತನ್ನು ಸಂದರ್ಭದ ಸಮೇತ ಕೊಡಬೇಕು, ಇಲ್ಲವೇ ಅಂತಿಮ ವರದಿವರೆಗೆ ಇಟ್ಟುಕೊಳ್ಳಬೇಕು.

ಮಂಗಳೂರು, ಹತ್ತು ವರ್ಷದ ನಂತರ ಕೋಯಿಕ್ಕೋಡ್

ಪರೀಕ್ಷೆಗೆ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್ ಟಾಪ್ ರನ್‌ವೇ, ಅಂದರೆ ಗುಡ್ಡದ ಮೇಲಿನ ಸಮತಟ್ಟಿನಲ್ಲಿರುವ ರನ್‌ವೇ, ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಬದುಕಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ತಂಡ ರೆಕಾರ್ಡರ್‌ಗಳನ್ನು ಓದಿತು. ಕ್ಯಾಪ್ಟನ್ ಹಾರಾಟದ ಬಹುಪಾಲು ಹೊತ್ತು ನಿದ್ದೆ ಮಾಡಿದ್ದರು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ ಬಂತು. ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದರು, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು.

2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಅದೇ ಸಂಸ್ಥೆಯ ವಿಮಾನ, ಮತ್ತೆ ಟೇಬಲ್ ಟಾಪ್ ರನ್‌ವೇ, ಹೊರಗೆ ಮಳೆ. ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಅರ್ಧ ಮುಗಿದಿತ್ತು. ಸಹ ಪೈಲಟ್ ಇಲ್ಲೂ 'ಗೋ ಅರೌಂಡ್' ಎಂದರು. ಇಲ್ಲೂ ಅದು ನಡೆಯಲಿಲ್ಲ. 21 ಜನ ಸತ್ತರು.

ಎರಡೂ ವರದಿಯನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಸಿಟ್ಟೇ ಬಂತು. ಕಿರಿಯ ಪೈಲಟ್ ಮಾತಿಗೆ ಕಾಕ್‌ಪಿಟ್ಟಿನಲ್ಲಿ ಬೆಲೆ ಇರುವುದಿಲ್ಲ ಎಂಬುದು 2010ರಲ್ಲೇ ಗೊತ್ತಾಗಿತ್ತು. ಎರಡೂ ಕಡೆ ಪೆಟ್ಟಿಗೆ ಸಿಕ್ಕಿತು, ವರದಿ ಬಂತು, ಶಿಫಾರಸುಗಳೂ ಬಂದವು. ಹಾಗಾಗಿ ಜನ ಕೇಳಬೇಕಾದ ಪ್ರಶ್ನೆ ಶಿಫಾರಸಿನ ಬಗ್ಗೆ: ಯಾವುದನ್ನು ಯಾರು, ಯಾವಾಗ ಜಾರಿ ಮಾಡಿದರು? ಮಾಡದಿದ್ದರೆ ಯಾಕೆ? ಉತ್ತರ ಬರೆಯುವಾಗ ಇದನ್ನು ಮೊದಲ ಪ್ಯಾರಾದಲ್ಲೇ ಹಾಕಿ.

ಸಂಸ್ಥೆಯ ಬಗ್ಗೆ ಚಿಕ್ಕದಾಗಿ: ಮಂಗಳೂರಿನ ನಂತರ, 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ, ಅಂದರೆ ಎಎಐಬಿ, ಬಂತು. ನಿಯಮ ಮಾಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ (ಡಿಜಿಸಿಎ) ತನಿಖೆ ಬೇರೆಯಾದದ್ದು ಒಳ್ಳೆಯದೇ. ಆದರೆ ಎರಡೂ ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೇ ಇವೆ. ಸಚಿವಾಲಯದ ಲೋಪವನ್ನೇ ಬರೆಯಬೇಕಾಗಿ ಬಂದರೆ ಬ್ಯೂರೊ ಎಷ್ಟು ಧೈರ್ಯ ಮಾಡೀತು? ಅಮೆರಿಕದಲ್ಲಿ ಇಂಥ ತನಿಖೆ ಮಾಡುವ ಎನ್‌ಟಿಎಸ್‌ಬಿ (ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ) ಯಾವ ಇಲಾಖೆಗೂ ಸೇರಿಲ್ಲ. ಆ ವ್ಯತ್ಯಾಸ ನೆನಪಿಡಿ.

ಸೇನಾ ವಿಮಾನಗಳು

ಇಲ್ಲಿ ಮೇಲಿನ ನಿಯಮಗಳು ಅನ್ವಯಿಸುವುದಿಲ್ಲ. ಸೇನೆಯೇ ಕೋರ್ಟ್ ಆಫ್ ಎಂಕ್ವಯರಿ, ಅಂದರೆ ತನ್ನದೇ ಒಳಗಿನ ವಿಚಾರಣೆ, ನಡೆಸುತ್ತದೆ. 2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರು ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿತ್ತು. ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ, ಮೋಡದೊಳಗೆ ಹೊಕ್ಕು ಪೈಲಟ್‌ಗೆ ದಿಕ್ಕು ತಪ್ಪಿತು ಎಂದು 2022ರ ಜನವರಿಯಲ್ಲಿ ವಾಯುಪಡೆ ಹೇಳಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸಮಿತಿ ಮುಂದಿಟ್ಟ ಪಟ್ಟಿಯಲ್ಲಿ ಕಾರಣದ ಜಾಗದಲ್ಲಿ ಇದ್ದದ್ದು ಸಿಬ್ಬಂದಿಯ ಮಾನವ ದೋಷ ಎಂದಷ್ಟೇ. ಜನರ ಕೈಗೆ ಬಂದದ್ದು ಹೆಚ್ಚು ಕಡಿಮೆ ಇಷ್ಟೇ.

ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ಅಪಘಾತದ್ದಲ್ಲ, ಯುದ್ಧದ್ದು. ಆದರೂ ಹೇಳಲೇಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದವರು ಹಿಂದಿರುಗಲಿಲ್ಲ. ಅವರು ಶತ್ರು ವಿಮಾನದ ಜೊತೆ ಹೋರಾಡಿ ಅದನ್ನು ಬೀಳಿಸಿದ್ದರು ಎಂಬುದು ಆ ಕಡೆಯವರ ವಿವರ ಹೊರಗೆ ಬಂದ ಮೇಲೆ ಇಲ್ಲಿ ಗೊತ್ತಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಅವರ ಮನೆಯವರಿಗೆ ನಿಜ ಏನೆಂದು ಹೇಳುವವರು ಇರಲಿಲ್ಲ.

ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ದೇಶದ ಭದ್ರತೆಯ ಹೆಸರಲ್ಲಿ ಮಾಹಿತಿ ತಡೆಯುತ್ತದೆ. 8(2) ಅದಕ್ಕೆ ಒಂದು ಬಾಗಿಲು ಇಟ್ಟಿದೆ: ಬಹಿರಂಗಪಡಿಸುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ಸೇನಾ ಅಪಘಾತದ ವರದಿಯಲ್ಲಿ ಗುಪ್ತವಾದ ಭಾಗ ತೆಗೆದು ಉಳಿದದ್ದನ್ನು ಕೊಡಿ ಎಂದು ಕೇಳಲು 10ನೇ ಸೆಕ್ಷನ್ ಇದೆ. ಈ ಮೂರನ್ನೂ ಒಟ್ಟಿಗೆ ಓದಿಕೊಳ್ಳಿ.