ಗೊರಸಿಗೆ ಬೇಕಾದ ಒಂದು ವರ್ಷ

ತುಮಕೂರು ಜಿಲ್ಲೆಯ ಕುಣಿಗಲ್ ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ರೇಸಿನ ಕುದುರೆಯಾಗಲಿ, ಮೆರವಣಿಗೆಯ ಕುದುರೆಯಾಗಲಿ, ಕುಂಟತೊಡಗಿದರೆ ಸಾಕಿದವರು ಮಂಡಿ, ಭುಜಗಳನ್ನು ನೀವಿ ನೋಡುತ್ತಾರೆ. ಲಾಳ ಕಟ್ಟುವವರು ಮೊದಲು ಕಾಲೆತ್ತಿ ಗೊರಸನ್ನು ನೋಡುತ್ತಾರೆ. ಅವರ ಕ್ರಮವೇ ಸರಿ. ದೇಹದ ಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಹೊರುವ ಮುಂಗಾಲು ಕುಂಟಿದರೆ, ಕಾರಣ ಹೆಚ್ಚಾಗಿ ಗೊರಸಿನಲ್ಲೇ ಇರುತ್ತದೆ.

ಗೊರಸಿನ ಗೋಡೆ ನಮ್ಮ ಉಗುರಿನಂತೆಯೇ ಕೆರಾಟಿನ್‌ನಿಂದಾದದ್ದು. ಅದು ತಿಂಗಳಿಗೆ 8ರಿಂದ 10 ಮಿ.ಮೀ. ಮಾತ್ರ ಬೆಳೆಯುವುದರಿಂದ, ಕೂದಲಿನ ಅಂಚಿನಲ್ಲಿ ಇಂದು ಹುಟ್ಟಿದ ಪದರವು ಮುಂತುದಿಯಲ್ಲಿ ನೆಲ ಮುಟ್ಟಲು ಸುಮಾರು 9ರಿಂದ 12 ತಿಂಗಳು ಬೇಕು. ಈ ಯುಗಾದಿಗೆ ಆರಂಭಿಸಿದ ಆರೈಕೆಯ ಪೂರ್ಣ ಫಲ ಕಾಣುವುದು ಮುಂದಿನ ಯುಗಾದಿಗೆ.

ಅಡಿಭಾಗದ ನಡುವೆ ತ್ರಿಕೋನಾಕಾರದ, ರಬ್ಬರಿನಂತೆ ಬಾಗುವ ಒಂದು ದಿಂಬಿದೆ. ಹಿಮ್ಮಡಿ ಮೊದಲು ನೆಲಕ್ಕೆ ತಾಗಿದಾಗ ಅದು ಒತ್ತಿಹೋಗಿ ಆಘಾತವನ್ನು ಹೀರುತ್ತದೆ, ಗೊರಸು ತುಸು ಅಗಲವಾಗುತ್ತದೆ, ಒಳಗಿನ ರಕ್ತನಾಳಗಳಲ್ಲಿ ರಕ್ತ ಸರಾಗವಾಗಿ ಚಲಿಸುತ್ತದೆ. ಮೊಳೆ ಹೊಡೆದ ಲಾಳ ಈ ಅಗಲಿಕೆಯನ್ನು ತಡೆಯುತ್ತದೆ, ದಿಂಬನ್ನು ನೆಲದಿಂದ ಮೇಲೆತ್ತುತ್ತದೆ; ಬಳಕೆಯಿಲ್ಲದ ದಿಂಬು ಕುಗ್ಗುತ್ತದೆ. ಸಗಣಿ, ಗಂಜಲದ ಕೆಸರಿನಲ್ಲಿ ನಿಂತ ಕುದುರೆಗೆ ಅದೇ ಜಾಗ ಕೊಳೆತು ಕಪ್ಪಾಗಿ ನಾರುತ್ತದೆ.

ಆದ್ದರಿಂದ ಚೇತರಿಕೆಯ ಕ್ರಮ ಸರಳವಾದರೂ ನಿಧಾನವಾದದ್ದು. ಲಾಳ ತೆಗೆದು, ಉದ್ದವಾದ ಮುಂತುದಿಯನ್ನು ಒಮ್ಮೆಗೇ ಕತ್ತರಿಸದೆ, 4ರಿಂದ 6 ವಾರಗಳಿಗೊಮ್ಮೆ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜಬೇಕು. ನಡಿಗೆ ಮೊದಲು ಮರಳಿನ ಮೇಲೆ, ಬಳಿಕ ಗಟ್ಟಿ ಮಣ್ಣಿನ ಮೇಲೆ, ಕೊನೆಗೆ ನಮ್ಮ ಕೆಮ್ಮಣ್ಣಿನ ನೊರಜುಗಲ್ಲಿನ ಮೇಲೆ. ಗೊರಸು ಗಟ್ಟಿಯಾಗಲೆಂದು ಕುದುರೆ ನಿಲ್ಲುವೆಡೆ ದುಂಡುಗಲ್ಲು ಹರಡಿಸಬೇಕೆಂದು ಗ್ರೀಕ್ ಸೇನಾನಿ ಝೆನೊಫನ್ ಕ್ರಿ.ಪೂ. 4ನೇ ಶತಮಾನದಲ್ಲೇ ಹೇಳಿದ್ದ!

ಮೇವಿನಲ್ಲಿ ಹುಲ್ಲೇ ಮುಖ್ಯ. ಹುರುಳಿ ಕೊಟ್ಟಷ್ಟೂ ಬಲವೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ಧಾನ್ಯ ಅತಿಯಾದರೆ ಗೊರಸನ್ನು ಮೂಳೆಗೆ ಬೆಸೆದ ಸೂಕ್ಷ್ಮ ಪದರಗಳು ಊದಿ, ಗೊರಸು ಬಿಸಿಯೇರಬಹುದು. ಆಗ ನಡೆಸುವುದೇ ಅಪಾಯ. ಮೊಳೆ ಚುಚ್ಚಿದ್ದರೂ ಕೀವು ತುಂಬಿದ್ದರೂ ಪಶುವೈದ್ಯರೇ ಮೊದಲು ನೋಡಬೇಕು. ಲಾಳವೇ ಬೇಡವೆನ್ನುವ ಹಟವೂ ನನಗಿಲ್ಲ: ದಿನವಿಡೀ ಡಾಂಬರು ರಸ್ತೆಯಲ್ಲಿ ಜಟಕಾ ಎಳೆಯುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ.

ಕೆಲವು ತಿಂಗಳಾದ ಮೇಲೆ ಗೋಡೆಯ ಮೇಲ್ಭಾಗದಲ್ಲಿ ಹೊಸ ಬೆಳವಣಿಗೆಯ ಗೆರೆ ಕಾಣುತ್ತದೆ. ಅದರ ಮೇಲಿನ ಭಾಗ ನೇರ, ಕೆಳಗಿನದು ಇನ್ನೂ ಹಳೆಯ ಸೊಟ್ಟ. ಆ ಗೆರೆ ಇಳಿಯುತ್ತ ಬಂದಂತೆ, ಮುಂತುದಿಯನ್ನು ಮೊದಲು ಊರುತ್ತಿದ್ದ ಕುದುರೆ ಹಿಮ್ಮಡಿಯನ್ನು ಮೊದಲು ಊರತೊಡಗುತ್ತದೆ.