ದ್ರಾಕ್ಷಿ ಹಡಗು ಹತ್ತುವ ಮೊದಲು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಕಾಕಾ ಒಂದು ವರ್ಷ ಮನೂಕ (ಒಣದ್ರಾಕ್ಷಿ) ಮಾಡುವುದು ಬಿಟ್ಟು ಹಸಿ ದ್ರಾಕ್ಷಿಯನ್ನೇ ಯುರೋಪಿಗೆ ಕಳಿಸುವ ಧೈರ್ಯ ಮಾಡಿದ್ದರು. ಹಣ್ಣು ಚೆನ್ನಾಗಿತ್ತು. ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬಿ ಮುಗಿಸುವಾಗ ಮಧ್ಯಾಹ್ನ ಒಂದು ಗಂಟೆ. ಗಾಡಿ ಅಥಣಿ, ಮಿರಜ ದಾಟಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಪ್ಯಾಕ್‌ಹೌಸ್ ಮುಟ್ಟುವಾಗ ಸಂಜೆ. ತಿಂಗಳಾದ ಮೇಲೆ ಆಚೆ ಕಡೆಯಿಂದ ಫೋಟೋ ಬಂದವು. ತೊಟ್ಟುಗಳು ಒಣಗಿ ಕಂದಾಗಿದ್ದವು, ಕಾಳು ಉದುರಿದ್ದವು. ಬಂದ ದುಡ್ಡು ಖರ್ಚಿಗೂ ಸಾಲಲಿಲ್ಲ.

“ಹಡಗಿನ್ಯಾಗ ಥಂಡಿ ಕಡಿಮಿ ಆಗಿರಬೇಕು ನೋಡು” ಅಂದರು ಕಾಕಾ. ಕಂಟೇನರಿನ ತಾಪಮಾನದ ದಾಖಲೆ ತರಿಸಿ ನೋಡಿದೆವು. ದಾರಿಯುದ್ದಕ್ಕೂ ಗೆರೆ ಸೊನ್ನೆ ಡಿಗ್ರಿಯ ಹತ್ತಿರವೇ ಇತ್ತು. ಕಡಲಲ್ಲಿ ಏನೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ ಅಂತ ಹುಡುಕುತ್ತಾ ಹೋದವನಿಗೆ ಈ ಥಂಡಿ ಸಾಗಣೆಯ ಹಳೆಯ ಕಥೆಯೆಲ್ಲ ಸಿಕ್ಕಿತು.

ಮೊದಲು ಕಡಲು ದಾಟಿದ್ದು ಬರೀ ಮಂಜುಗಡ್ಡೆ. ಅಮೆರಿಕದ ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆ ಕೊಯ್ಸಿ ಮಾರುತ್ತಿದ್ದ. 1833ರಲ್ಲಿ ‘ಟಸ್ಕನಿ’ ಎಂಬ ಹಡಗಿಗೆ ಸುಮಾರು 180 ಟನ್ ತುಂಬಿಸಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಯಾವ ಯಂತ್ರವೂ ಇಲ್ಲ. ಸುತ್ತ ಒತ್ತಿ ತುಂಬಿದ ಮರದ ತೊಗಟೆಯ ಪುಡಿ, ಒಣ ಹುಲ್ಲೇ ಅದಕ್ಕೆ ರಕ್ಷಣೆ. ಆದರೂ ನೂರು ಟನ್ನಿನಷ್ಟು ಕರಗದೆ ಉಳಿದು ಬಂತು! ಆ ವ್ಯಾಪಾರಕ್ಕಾಗಿ ಮದ್ರಾಸಿನಲ್ಲಿ ಕಟ್ಟಿದ ಐಸ್ ಹೌಸ್ ಕಟ್ಟಡ ಇವತ್ತಿಗೂ ಅಲ್ಲಿನ ಕಡಲ ದಂಡೆಯಲ್ಲಿದೆ.

ಯಂತ್ರದ ಥಂಡಿ ಬಂದದ್ದು ಮಾಂಸಕ್ಕಾಗಿ. ಇಂಗ್ಲೆಂಡಿನಲ್ಲಿ ತಿನ್ನುವ ಬಾಯಿ ಜಾಸ್ತಿ, ಭೂಗೋಳದ ಆ ಕಡೆಯ ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಕುರಿ ಜಾಸ್ತಿ. ಅಲ್ಲಿ ಉಣ್ಣೆಗೆ ಬೆಲೆ ಇತ್ತು, ಮಾಂಸ ಕೊಳ್ಳುವವರು ಇರಲಿಲ್ಲ. ಫ್ರಾನ್ಸಿನ ಶಾರ್ಲ್ ಟೆಲಿಯೆ 1876ರಲ್ಲಿ ‘ಫ್ರಿಗೊರಿಫಿಕ್’ ಹಡಗಿನಲ್ಲಿ ಶೀತಲ ಯಂತ್ರ ಇಟ್ಟು ದಕ್ಷಿಣ ಅಮೆರಿಕಕ್ಕೆ ಮಾಂಸ ಸಾಗಿಸಿ ತೋರಿಸಿದ. 1880ರಲ್ಲಿ ಆಸ್ಟ್ರೇಲಿಯಾದಿಂದ ‘ಸ್ಟ್ರಾತ್‌ಲೆವೆನ್’ ಲಂಡನ್ ಮುಟ್ಟಿತು. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ‘ಡ್ಯುನೆಡಿನ್’ ಹಡಗಿನ ಕಥೆ.

ಅದು ಹಾಯಿ ಹಡಗು. ಗಾಳಿಯನ್ನು ಒತ್ತಿ, ಮತ್ತೆ ಹಿಗ್ಗಲು ಬಿಟ್ಟು ತಣಿಸುವ ಯಂತ್ರವೊಂದನ್ನು ಅದರಲ್ಲಿ ಕೂರಿಸಿದ್ದರು. ಯಂತ್ರಕ್ಕೆ ಕಲ್ಲಿದ್ದಲು, ಹಡಗಿಗೆ ಗಾಳಿ. ತುಂಬುತ್ತಿರುವಾಗಲೇ ಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿದು, ಹಾಕಿದ್ದ ಮಾಂಸ ಇಳಿಸಬೇಕಾಯಿತು. ರಿಪೇರಿ ಮಾಡಿ ಮತ್ತೆ ತುಂಬಿದರು. ಸುಮಾರು 5,000 ಕುರಿ, ಕುರಿಮರಿ ಹೊತ್ತು 1882ರ ಫೆಬ್ರುವರಿ 15ಕ್ಕೆ ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರು ಬಿಟ್ಟಿತು. ಉಷ್ಣ ವಲಯಕ್ಕೆ ಬಂದಾಗ ಒಳಗೆ ಥಂಡಿ ಗಾಳಿ ಸರಿಯಾಗಿ ಹರಿಯುತ್ತಿಲ್ಲ ಅಂತ ಗೊತ್ತಾಯಿತು. ಕ್ಯಾಪ್ಟನ್ ಜಾನ್ ವಿಟ್ಸನ್ ತಾನೇ ಗಾಳಿ ಕೊಳವೆಯೊಳಗೆ ತೆವಳಿ ಹೋಗಿ ಹೊಸ ಕಿಂಡಿ ಕೊರೆದ. ಚಳಿಗೆ ಮರಗಟ್ಟಿ ಹೋಗಿದ್ದವನನ್ನು ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದರು. 98 ದಿನಕ್ಕೆ ಲಂಡನ್ ಬಂತು. ಕೆಟ್ಟಿತ್ತೆಂದು ಬಿಸಾಡಿದ್ದು ಒಂದೇ ಒಂದು ಕುರಿ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಕ್ಯಾಪ್ಟನ್ನನ ಸಾಹಸಕ್ಕೇ ನಿಲ್ಲುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆ ಕುರಿಗಳನ್ನು ಕೊಯ್ದದ್ದು ಟೊಟಾರಾ ಎಂಬ ಫಾರ್ಮಿನಲ್ಲಿ. ಇದಕ್ಕೆಂದೇ ಅಲ್ಲಿ ಕಸಾಯಿಖಾನೆ ಕಟ್ಟಿದ್ದರು. ಮಾಂಸವನ್ನು ಅಲ್ಲೇ ತಣ್ಣಗಾಗಲು ಬಿಟ್ಟು, ಮಂಜುಗಡ್ಡೆ ಇಟ್ಟ ರೈಲು ಡಬ್ಬಿಯಲ್ಲಿ ಬಂದರಿಗೆ ತಂದರು. ಅಂದರೆ ಥಂಡಿ ಶುರುವಾದದ್ದು ಹಡಗಿನಲ್ಲಲ್ಲ, ಹೊಲದಲ್ಲಿ. ಕಾಕಾನ ಗಾಡಿಗೆ ಆ ದಿನ ಇಲ್ಲದ್ದು ಇದೇ.

ಮಾಂಸಕ್ಕಿಂತ ಹಣ್ಣಿನ ಕೆಲಸ ಸೂಕ್ಷ್ಮ. ಹಣ್ಣು ಕೊಯ್ದ ಮೇಲೂ ಉಸಿರಾಡುತ್ತದೆ. ಕೇಂಬ್ರಿಜ್‌ನ ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು 1920ರ ದಶಕದಲ್ಲಿ ಸೇಬುಗಳನ್ನಿಟ್ಟುಕೊಂಡು ಇದನ್ನು ವಿವರವಾಗಿ ನೋಡಿದರು. ಗಾಳಿಯಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ, ಥಂಡಿ ಕೊಟ್ಟರೆ ಉಸಿರು ನಿಧಾನವಾಗುತ್ತದೆ, ಹಣ್ಣಿನ ಆಯುಷ್ಯ ಹೆಚ್ಚುತ್ತದೆ. ತಾಪಮಾನ 10 ಡಿಗ್ರಿ ಇಳಿದರೆ ಉಸಿರಾಟ ಅರ್ಧಕ್ಕೆ, ಕೆಲವೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿ. ನಮ್ಮಲ್ಲಿ ಮಾರ್ಚ್ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ. ಆ ಬಿಸಿಲಿನಲ್ಲಿ ಕ್ರೇಟಿನೊಳಗಿನ ದ್ರಾಕ್ಷಿ ಒಂದು ತಾಸಿನಲ್ಲಿ ಕಳೆದುಕೊಳ್ಳುವ ಜೀವ, ಸೊನ್ನೆ ಡಿಗ್ರಿಯಲ್ಲಿ ಒಂದು ದಿನ ಪೂರ್ತಿ ಕಳೆದುಕೊಳ್ಳುವುದಕ್ಕೆ ಸಮ ಅಂದರೆ ತಪ್ಪಾಗಲಾರದು.

1956ರಲ್ಲಿ ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಹಡಗಿಗೆ ಹತ್ತಿಸಿ ಕಂಟೇನರ್ ಯುಗ ಶುರು ಮಾಡಿದ. ಮುಂದೆ ಪೆಟ್ಟಿಗೆಗೇ ಶೀತಲ ಯಂತ್ರ ಬಂತು. ನಮ್ಮ ಜನ ‘ರೀಫರ್’ ಅನ್ನುವುದು ಅದನ್ನೇ. ರಸ್ತೆಯಲ್ಲಿ ಅದಕ್ಕೆ ಜನರೇಟರಿನ ಕರೆಂಟು, ಬಂದರಿನಲ್ಲೂ ಹಡಗಿನಲ್ಲೂ ಪ್ಲಗ್. ಥಂಡಿ ಗಾಳಿ ನೆಲದ ಕಾಲುವೆಗಳಿಂದ ಮೇಲೆದ್ದು ಬಾಕ್ಸುಗಳ ನಡುವೆ ಹಾಯುತ್ತದೆ. ಹೆಪ್ಪುಗಟ್ಟಿಸಿದ ಸರಕಿಗೆ ಮೈನಸ್ 18 ಡಿಗ್ರಿ, ದ್ರಾಕ್ಷಿಗೆ ಸೊನ್ನೆಯ ಆಸುಪಾಸು.

ಇಲ್ಲೊಂದು ಮಾತು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ರೀಫರ್ ಬಿಸಿ ಹಣ್ಣನ್ನು ತಣಿಸುವ ಯಂತ್ರವಲ್ಲ, ತಣಿದ ಹಣ್ಣನ್ನು ಹಾಗೇ ಕಾಯುವ ಯಂತ್ರ. ತಣಿಸುವ ಕೆಲಸ ಅದಕ್ಕಿಂತ ಮೊದಲು ಪ್ರೀಕೂಲಿಂಗ್ ಕೋಣೆಯಲ್ಲಿ ಆಗಬೇಕು. ಅಲ್ಲಿ ದೊಡ್ಡ ಫ್ಯಾನುಗಳು ಥಂಡಿ ಗಾಳಿಯನ್ನು ಬಾಕ್ಸಿನೊಳಗೇ ನುಗ್ಗಿಸುತ್ತವೆ. ಕೊಯ್ದ ನಾಲ್ಕಾರು ತಾಸಿನಲ್ಲಿ ಹಣ್ಣು ಆ ಕೋಣೆ ಸೇರಬೇಕು. ಆಮೇಲೆ ಬೂಸು ಬರದಂತೆ ಗಂಧಕದ ಹೊಗೆ ಬಿಡುವ ಹಾಳೆ ಹೊದಿಸಿ, ಮುಚ್ಚಿ, ಕಂಟೇನರಿಗೆ.

ನಮ್ಮ ಜಿಲ್ಲೆಯ ಬಹುಪಾಲು ದ್ರಾಕ್ಷಿ ಮನೂಕವಾಗುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಹಸಿ ಹಣ್ಣಿಗೆ ತಾಸುಗಳ ಲೆಕ್ಕ, ಶೆಡ್ಡಿನಲ್ಲಿ ಒಣಗುವ ಹಣ್ಣಿಗೆ ದಿನಗಳ ಲೆಕ್ಕ. ಹತ್ತಿರ ಥಂಡಿ ಕೋಣೆ ಇಲ್ಲದವನು ಯಾವುದನ್ನು ಆರಿಸುತ್ತಾನೆ ಹೇಳಿ? ಆ ಮನೂಕವನ್ನೂ ಬಣ್ಣ ಕೆಡದಂತೆ ಇಡಲು ಎಷ್ಟೋ ಜನ ತಾಸಗಾಂವ, ಸಾಂಗ್ಲಿಯ ಕೋಲ್ಡ್ ಸ್ಟೋರೇಜಿಗೇ ಒಯ್ಯುತ್ತಾರೆ. ಬಾಡಿಗೆ ಅಲ್ಲಿ, ಹರಾಜು ಅಲ್ಲಿ, ಲಾಭದ ಪಾಲೂ ಅಲ್ಲೇ. ಮಹಾರಾಷ್ಟ್ರದವರು 1991ರಲ್ಲೇ ‘ಮಹಾಗ್ರೇಪ್ಸ್’ ಕಟ್ಟಿಕೊಂಡು, ರೈತರ ಸಹಕಾರಿ ಸಂಘಗಳನ್ನು ಒಟ್ಟು ಸೇರಿಸಿ ರಫ್ತಿಗೆ ಇಳಿದರು. ನಾವು ಆಗ ಎಚ್ಚರಾಗಲಿಲ್ಲ ಅನ್ನುವ ನೋವು ನನಗಿದೆ.

ಥಂಡಿ ಒಂದೇ ಸಾಲದು ಅನ್ನುವುದೂ ನಿಜ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಸಿಸಿಸಿ ಎಂಬ, ಬಳ್ಳಿಯ ಬೆಳವಣಿಗೆ ತಡೆಯುವ ಔಷಧದ ಅಂಶ ಸಿಕ್ಕಿ ಯುರೋಪಿನಲ್ಲಿ ಸರಕು ತಡೆದರು, ರೈತರೂ ರಫ್ತುದಾರರೂ ನೆಲಕಚ್ಚಿದರು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದವು. ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಬೇಕಾಗಿ ಬಂದು, ಮೂರು ವಾರದ ಆಸುಪಾಸಿನ ದಾರಿಗೆ ಇನ್ನೂ ಹತ್ತು-ಹನ್ನೆರಡು ದಿನ ಸೇರಿತು. ದಾರಿ ಉದ್ದವಾದಷ್ಟೂ ಮೊದಲ ದಿನದ ತಪ್ಪು ದೊಡ್ಡದಾಗಿ ಕಾಣುತ್ತದೆ.

ಬಾಗಲಕೋಟೆಯ ದಾಳಿಂಬೆ, ಇಂಡಿ ತಾಲೂಕಿನ ಲಿಂಬೆಯವರೂ ಇದನ್ನು ಕೇಳಿಸಿಕೊಳ್ಳಬೇಕು. 2025ರ ಮಾರ್ಚ್‌ನಲ್ಲಿ ಭಾರತದ ಭಗವಾ ತಳಿಯ ದಾಳಿಂಬೆ ಸುಮಾರು 14 ಟನ್, ಸಮುದ್ರ ಮಾರ್ಗದಲ್ಲೇ ಐದು ವಾರದೊಳಗೆ ಅಮೆರಿಕ ಮುಟ್ಟಿತು. ಅಷ್ಟು ದೂರದ ದಾರಿ ತೆರೆದಿದೆ. ಆದರೆ ದಾಳಿಂಬೆಗೆ 5 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಂದಾಗುತ್ತದೆ, ಲಿಂಬೆಗೆ 9-10 ಡಿಗ್ರಿ ಬೇಕು. ಎಲ್ಲವನ್ನೂ ಒಂದೇ ಕೋಣೆಯಲ್ಲಿ ತುಂಬಲು ಬರುವುದಿಲ್ಲ. ನಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಕೇಳುವಾಗ ‘ಒಂದು’ ಅಂತ ಕೇಳುತ್ತೇವೆ. ಯಾವ ಹಣ್ಣಿಗೆ, ಎಷ್ಟು ಡಿಗ್ರಿ, ಪಡದಿಂದ ಎಷ್ಟು ತಾಸು ದೂರ ಅಂತ ಕೇಳಬೇಕು.

ಕಾಕಾ ಈಗ ಮತ್ತೆ ಒಂದು ಎಕರೆಯ ಹಣ್ಣು ಕಳಿಸುತ್ತಿದ್ದಾರೆ. ಬೆಳಕು ಹರಿಯುವಾಗ ಕತ್ತರಿ ಹಿಡಿದರೆ ಒಂಬತ್ತಕ್ಕೆ ಮುಗಿಸುತ್ತಾರೆ. ಕ್ರೇಟುಗಳು ಬಳ್ಳಿಯ ನೆರಳು ಬಿಟ್ಟು ಹೊರಗೆ ಬರುವುದು ಗಾಡಿ ಬಂದು ನಿಂತ ಮೇಲೇ. ಪ್ಯಾಕ್‌ಹೌಸ್ ಬಾಗಿಲಲ್ಲಿ ಸೂಜಿಯಂಥ ಥರ್ಮಾಮೀಟರನ್ನು ಕಾಳಿಗೆ ಚುಚ್ಚಿ ನೋಡುತ್ತಾರೆ. ಕಾಕಾ ಆ ಅಂಕಿಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು ಬರುತ್ತಾರೆ, ತಾರೀಖಿನ ಜೊತೆ.